ಹೊರಸುತ್ತು

ಇಪ್ಪತ್ತನಾಲ್ಕು ನಿಮಿಷಕ್ಕೆ ಒಂದು ಸುತ್ತು.
ಗ್ಲಾಸ್ಗೋ ನೆಲದಡಿಯ ಈ ಪುಟ್ಟ ರೈಲಿಗೆ
ತುದಿಯಿಲ್ಲ, ಬುಡವಿಲ್ಲ.
ಒಂದು ಹಳಿ ಒಳಸುತ್ತು, ಇನ್ನೊಂದು ಹೊರಸುತ್ತು.
ನಾನು ಹೊರಸುತ್ತಿನವನು, ಹತ್ತೊಂಬತ್ತು ವರ್ಷದಿಂದ.
ಗೋವನ್, ಪ್ಯಾಟ್ರಿಕ್, ಕೆಲ್ವಿನ್‌ಹಾಲ್, ಹಿಲ್‌ಹೆಡ್...
ನಿದ್ದೆಗಣ್ಣಲ್ಲೂ ಮಗ್ಗಿಯಂತೆ ಒಪ್ಪಿಸಬಲ್ಲೆ,
ಒಂದು ಹೆಸರು ಬಿಟ್ಟು.
ಅಲ್ಲಿಗೆ ಬಂದಾಗ ಬಾಯಿ ತಾನಾಗಿ ಕಟ್ಟುತ್ತದೆ.

ನವೆಂಬರಿನ ಗುರುವಾರ, ರಾತ್ರಿ ಹತ್ತು ನಲವತ್ತು.
ಕೊಲಮ್ ಗಿಲ್‌ಕ್ರಿಸ್ಟ್, ಐವತ್ತಮೂರು,
ಪಿಯಾನೊಗಳಿಗೆ ಶ್ರುತಿ ಹಿಡಿಯುವ ಕಸುಬು.
ಇದೆಲ್ಲ ಗೊತ್ತಾದದ್ದು ಆಮೇಲೆ.
ಆ ಹೊತ್ತಿಗೆ ಅವನು ಬರಿಯ ಮುಖ,
ನನ್ನ ಗಾಜಿನಷ್ಟೇ ಅಗಲ.

ವೇಗ ಎಷ್ಟಿತ್ತು? ಬ್ರೇಕ್ ಯಾವಾಗ ಹಾಕಿದೆ?
ಹಿಂದಿನ ರಾತ್ರಿ ಎಷ್ಟು ತಾಸು ಮಲಗಿದ್ದೆ?
ಊದು ಅಂದರು, ನಳಿಗೆಯಲ್ಲಿ ಊದಿದೆ.
ಅವನ ಬೆನ್ನ ಹಿಂದೆ ಯಾರಿದ್ದರು ಅಂತ
ಕೇಳಲಿಲ್ಲ.
ಕೇಳದ್ದನ್ನು ನಾನೂ ಹೇಳಲಿಲ್ಲ.
ಹನ್ನೊಂದು ನಿಮಿಷದ ಹೇಳಿಕೆ, ಅಡಿಯಲ್ಲಿ ನನ್ನ ರುಜು.
ಕಡತದ ನೆತ್ತಿಗೆ ಷರಾ: ಅನುಮಾನಾಸ್ಪದವಲ್ಲ.

ಅವನ ಅಕ್ಕ ಇಷ್ಬೆಲ್
ಗುರುವಾರ ಗುರುವಾರ ಮೆಟ್ಟಿಲ ಮೇಲ್ತುದಿಯಲ್ಲಿ
ಇಸ್ತ್ರಿ ಹಲಗೆ ಬಿಡಿಸಿ ನಿಲ್ಲುತ್ತಾಳೆ.
ಮೇಜು ಹಾಕಲು ಪರವಾನಗಿ ಬೇಕಂತೆ;
ಇಸ್ತ್ರಿ ಹಲಗೆಯ ಬಗ್ಗೆ ಕಾನೂನು ಏನೂ ಹೇಳಿಲ್ಲ.
ಮೇಲೆ ಮನವಿಯ ಹಾಳೆಗಳು,
ಹಾರದಂತೆ ತಮ್ಮನ ಶ್ರುತಿಕವಲಿನ ಭಾರ.

ನಿಂತವರಿಗೆ ಹೇಳುತ್ತಾಳೆ:
ಶುಕ್ರವಾರದ ಸೂಪಿಗೆ ಬಟಾಣಿ ನೆನೆಹಾಕಿ ಹೋಗಿದ್ದ.
ಪೊಲೀಸರು ಮನೆಗೆ ಬಂದದ್ದು ಒಂಬತ್ತನೇ ದಿನ.
ಮೊಳಕೆ ಬಟ್ಟಲಿನ ಅಂಚು ದಾಟಿತ್ತು.
ಇದನ್ನು ಬರೆದುಕೊಳ್ಳಿ ಅಂದೆ,
ಪೆನ್ನಿನ ಮುಚ್ಚಳ ತೆಗೆಯಲಿಲ್ಲ.
ಕ್ಯಾಮೆರಾ ಚಿತ್ರ ಕೇಳಿದೆ.
ಏಳು ದಿನಕ್ಕೆ ತಾನೇ ಅಳಿಸಿಹೋಗುತ್ತದಂತೆ.

ಪಕ್ಕದಲ್ಲಿ ಬೇಕರಿಯ ಹಾಲಿನಾಳ ಗಂಡ,
ಫ್ಲಾಸ್ಕಿನಲ್ಲಿ ಚಹಾ ಹಿಡಿದ ಎವನ್‌ನ ತಾಯಿ.
ಅದೇ ಪ್ಲಾಟ್‌ಫಾರ್ಮು, ಎರಡು ವರ್ಷ, ಮೂರು ಜನ,
ಮೂರು ಬೇರೆ ಬೇರೆ ಕಪಾಟಿನಲ್ಲಿ ಮೂರು ಕಡತ.
ಒಂದೇ ಮೇಜಿನ ಮೇಲಿಟ್ಟು ಓದಿ ಅನ್ನುತ್ತಾಳೆ ಇಷ್ಬೆಲ್,
ಅಳಿಸುವ ಮುಂಚೆ ನೋಡಿ,
ಅಲ್ಲಿದ್ದವರನ್ನು ಹುಡುಕಿ ಮಾತಾಡಿಸಿ.
ತಳ್ಳಿದವನು ಇಲ್ಲವಾದರೆ ಇಲ್ಲ ಅನ್ನಿ,
ಆದರೆ ನೋಡಿ ಅನ್ನಿ.

ಹದಿನಾರು ತಿಂಗಳು
ನಾನು ಇನ್ನೊಂದು ಬಾಗಿಲಿನಿಂದ ಓಡಾಡಿದೆ.

ಮೊನ್ನೆ ಮಾರ್ಚಿನಲ್ಲಿ, ಪಾಳಿ ಮುಗಿದು,
ಸಮವಸ್ತ್ರದ ಮೇಲೆ ಮನೆಯ ಕೋಟು ತೊಟ್ಟು
ಹಲಗೆಯ ಮುಂದೆ ನಿಂತೆ.
ಹೊದಿಕೆಯಲ್ಲಿ ಇಸ್ತ್ರಿಯ ಸುಟ್ಟ ಗುರುತು, ಕಂದು ದೋಣಿಯ ಹಾಗೆ.
ಹೆಸರು. ವಿಳಾಸ. ಮೂರನೇ ಕಂಬಸಾಲು: ಸಂಬಂಧ.
ನನ್ನ ಮೇಲಿನವರು ಬರೆದಿದ್ದರು:
ಯಾವುದೂ ಇಲ್ಲ.
ನೆರೆಯವಳು.
ನಮ್ಮ ಶಾಲೆಯ ಪಿಯಾನೊ ಸರಿಮಾಡಿದ್ದರು, ದುಡ್ಡು ತಗೊಳ್ಳಲಿಲ್ಲ.
ಯಾವುದೂ ಇಲ್ಲ.
ನಾನು ಬರೆದೆ: ಚಾಲಕ.

ತಲೆಕೆಳಗಾದ ಅಕ್ಷರಗಳನ್ನು ಅವಳು ಆಚೆಯಿಂದಲೇ ಓದಿದಳು.
ಹಲಗೆಯ ಅಂಚು ಹಿಡಿದುಕೊಂಡಳು.
ಕೆಳಗೆ ಯಾವುದೋ ರೈಲು ಹೋಯಿತು,
ಒಳಸುತ್ತಿನದು, ಸದ್ದಿನಲ್ಲೇ ತಿಳಿಯುತ್ತದೆ ನನಗೆ.

ಒಂದು ತೋಳು ಕಂಡಿತ್ತು, ಅಂದೆ.
ಕೆಂಪೋ ಕಂದೋ, ಅಲ್ಲಿ ದೀಪ ಹಳದಿ.
ಹಿಡಿಯಲು ಚಾಚಿದ್ದೋ, ಅಲ್ಲವೋ,
ಆಣೆ ಮಾಡಿ ಹೇಳಲಾರೆ.

ಬೈಯುತ್ತಾಳೆ ಅಂದುಕೊಂಡಿದ್ದೆ. ಬೈದಿದ್ದರೆ ಚೆನ್ನಿತ್ತು.
ಅವಳು ಹಾಳೆಯೊಂದನ್ನು ಮಗುಚಿ, ಖಾಲಿ ಬೆನ್ನಿಗೆ ಗೆರೆ ಎಳೆದು,
ಎಷ್ಟು ಹೊತ್ತಿಗೆ? ಅಂದಳು.
ಎಡಗೈಯೋ, ಬಲಗೈಯೋ?
ಉಂಗುರ? ಕೈಗವಸು? ಚೀಲ?
ಯಾವ ನಿಲ್ದಾಣ?
ಅದೇ ನಿಲ್ದಾಣದ ಬಾಗಿಲಲ್ಲಿ ನಿಂತು ಕೇಳಿದಳು,
ಹೇಳಿಕೆಯಲ್ಲಿ ಇರಬೇಕಲ್ಲ.

ಹೇಳಿದೆ.
ಬರೆದುಕೊಂಡಳು.
ಮುಂದಿನ ಪ್ರಶ್ನೆ ಕೇಳಿದಳು.